ಕೊಂಡ ಬೆಲೆಯೂ ಸಾಕುವ ಬೆಲೆಯೂ
ಸ್ಪೋರ್ಟ್ಸ್ ಕಾರುಗಳ ಒಂದು ಲೆಕ್ಕ

ಆನೆಯನ್ನು ಕೊಳ್ಳುವುದಕ್ಕಿಂತ ಅದನ್ನು ಸಾಕುವುದೇ ಕಷ್ಟವೆಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಯಂತ್ರಗಳ ವಿಷಯದಲ್ಲಿಯೂ ಈ ಮಾತು ಅಕ್ಷರಶಃ ಸತ್ಯ. ಯಂತ್ರವನ್ನು ಕೊಳ್ಳುವಾಗ ನಾವು ತೆರುವ ಹಣ ಒಂದು. ಅದು ನಮ್ಮ ಬಳಿ ಇರುವಷ್ಟು ಕಾಲವೂ ನಮ್ಮಿಂದ ಬೇಡುವ ಹಣ ಇನ್ನೊಂದು. ಮೊದಲನೆಯದನ್ನು ಅಂಗಡಿಯ ಚೀಟಿಯಲ್ಲಿ ಬರೆದಿರುತ್ತಾರೆ. ಎರಡನೆಯದು ಯಂತ್ರದ ತೂಕದಲ್ಲಿ, ವೇಗದಲ್ಲಿ, ಒಂದೊಂದು ಬಿಡಿಭಾಗದ ರಚನೆಯಲ್ಲಿ ಅಡಗಿರುತ್ತದೆ. ಅದನ್ನು ಓದಿ ತಿಳಿಯಬೇಕಾದರೆ ಕೊಂಚ ಭೌತವಿಜ್ಞಾನವೂ ಕೊಂಚ ಗಣಿತವೂ ಬೇಕು. ಈ ಲೇಖನದಲ್ಲಿ ನಾವು ಅಂಥದೊಂದು ಓದನ್ನು ಕಲಿಯಲು ಪ್ರಯತ್ನಿಸೋಣ.

ಅಮೆರಿಕ, ಇಂಗ್ಲೆಂಡು, ಜಪಾನ್ ಮೊದಲಾದ ದೇಶಗಳಲ್ಲಿ ಸ್ಪೋರ್ಟ್ಸ್ ಕಾರೆಂಬುದು ಸಿರಿವಂತರ ಸೊತ್ತು ಮಾತ್ರವಲ್ಲ. ಕೆಲವು ವರ್ಷ ಓಡಿದ ಇಂಥ ಕಾರುಗಳು ಅಲ್ಲಿ ಸಾಮಾನ್ಯ ಸಂಬಳದವರ ಕೈಗೂ ಎಟಕುತ್ತವೆ. ಹೊಸದಾಗಿ ಸಂಪಾದನೆಗೆ ತೊಡಗಿದ ತರುಣನೊಬ್ಬನು ತನ್ನ ಉಳಿತಾಯವನ್ನೆಲ್ಲ ಕೂಡಿಸಿ ಅಂಥ ಹಳೆಯ ಕಾರೊಂದನ್ನು ಕೊಳ್ಳಲು ಹೊರಟನೆನ್ನೋಣ. ಒಂದೇ ಬೆಲೆಗೆ ಎರಡು ಕಾರುಗಳು ಅವನ ಮುಂದಿವೆ. ಒಂದು ಚಿಕ್ಕದು, ಸರಳವಾದದ್ದು. ಇನ್ನೊಂದು ಹೆಚ್ಚು ಬಲವುಳ್ಳದ್ದು. ಹೊಸದಾಗಿದ್ದಾಗ ಮೊದಲನೆಯದರ ಎರಡರಷ್ಟು ಬೆಲೆ ಬಾಳುತ್ತಿದ್ದದ್ದು. ಎರಡನೆಯದೇ ಲಾಭದ ವ್ಯಾಪಾರವೆಂದು ಮನಸ್ಸು ಹೇಳುತ್ತದೆ. ಆದರೆ ಇಳಿದಿರುವುದು ಕಾರಿನ ಬೆಲೆ ಮಾತ್ರ. ಅದರ ಬಿಡಿಭಾಗಗಳ ಬೆಲೆ ಇಳಿದಿಲ್ಲವೆಂಬುದನ್ನು ಅವನು ಮರೆಯಬಾರದು.

ನಾಲ್ಕು ಕಾರುಗಳು

ಹೋಲಿಕೆಗಾಗಿ ನಾವು ನಾಲ್ಕು ಕಾರುಗಳನ್ನು ಆರಿಸಿಕೊಳ್ಳೋಣ. ಮೊದಲನೆಯದು ಜಪಾನಿನ ಮಜ್ದಾ ಎಂಎಕ್ಸ್-೫. ೧೯೮೯ರ ಫೆಬ್ರವರಿಯಲ್ಲಿ ಷಿಕಾಗೋ ನಗರದ ಮೋಟಾರು ಪ್ರದರ್ಶನದಲ್ಲಿ ಇದು ಮೊದಲು ಕಾಣಿಸಿಕೊಂಡಿತು. ಅಮೆರಿಕದಲ್ಲಿ ಇದನ್ನು ಮಿಯಾಟಾ ಎಂದು ಕರೆಯುತ್ತಾರೆ. ೧೬೦೦ ಘನ ಸೆಂಟಿಮೀಟರಿನಷ್ಟು ಗಾತ್ರದ ಎಂಜಿನು, ಸುಮಾರು ೧೧೬ ಅಶ್ವಶಕ್ತಿ, ಸುಮಾರು ೯೫೦ ಕಿಲೋಗ್ರಾಂ ತೂಕ. ಎರಡನೆಯದು ೧೯೯೯ರಲ್ಲಿ ಬಂದ ಹೋಂಡಾ ಎಸ್-೨೦೦೦. ಇದರ ಎಂಜಿನು ೨೦೦೦ ಘನ ಸೆಂಟಿಮೀಟರಿನದು. ಅಮೆರಿಕದ ಮಾದರಿಯಲ್ಲಿ ೨೪೦ ಅಶ್ವಶಕ್ತಿ. ತೂಕ ಸುಮಾರು ೧೨೬೦ ಕಿಲೋಗ್ರಾಂ. ಮೂರನೆಯದು ೨೦೦೩ರಿಂದ ೨೦೧೨ರವರೆಗೆ ತಯಾರಾದ ಮಜ್ದಾ ಆರ್‌ಎಕ್ಸ್-೮. ಇದರದು ಮಿಕ್ಕ ಕಾರುಗಳಂತೆ ಪಿಸ್ಟನ್ ಎಂಜಿನಲ್ಲ, ಸುತ್ತುವ ರೋಟರುಗಳ ಎಂಜಿನು. ಸುಮಾರು ೨೩೦ ಅಶ್ವಶಕ್ತಿ, ಸುಮಾರು ೧೩೫೦ ಕಿಲೋಗ್ರಾಂ ತೂಕ. ನಾಲ್ಕನೆಯದು ೧೯೯೬ರಲ್ಲಿ ಬಂದ ಜರ್ಮನಿಯ ಪೋರ್ಷೆ ಬಾಕ್ಸ್‌ಸ್ಟರ್. ಆಸನಗಳ ಹಿಂದೆ ಆರು ಸಿಲಿಂಡರುಗಳ ಎಂಜಿನನ್ನು ಹೊತ್ತ ಈ ಕಾರಿನ ಮೊದಲ ಮಾದರಿಯ ಬಲ ೨೦೪ ಅಶ್ವಶಕ್ತಿ, ತೂಕ ಸುಮಾರು ೧೨೫೦ ಕಿಲೋಗ್ರಾಂ.

ಬಲವನ್ನೇ ನೋಡಿದರೆ ಮೊದಲನೆಯದು ನಾಲ್ವರಲ್ಲಿ ಕಿರಿಯ. ಆದರೂ ಅದು ೨೦೦೦ದಲ್ಲಿಯೇ ಎರಡು ಆಸನಗಳ ಸ್ಪೋರ್ಟ್ಸ್ ಕಾರುಗಳೊಳಗೆ ಪ್ರಪಂಚದಲ್ಲೆಲ್ಲ ಅತಿ ಹೆಚ್ಚು ಮಾರಾಟವಾದದ್ದೆಂದು ದಾಖಲೆ ಪಡೆಯಿತು. ೨೦೧೬ರ ಏಪ್ರಿಲಿನಲ್ಲಿ ಹತ್ತು ಲಕ್ಷದ ಎಂಎಕ್ಸ್-೫ ತಯಾರಾಯಿತು. ಇದಕ್ಕೆ ಕಾರಣವು ಬೆಡಗು ಮಾತ್ರವಲ್ಲ; ಸಾಕುವ ವೆಚ್ಚವು ಹಗುರವಾಗಿದ್ದುದೂ ಹೌದು. ಅದು ಹೇಗೆ ಹಗುರವಾಯಿತೆಂಬುದನ್ನು ವಿಚಾರಿಸೋಣ.

ವೆಚ್ಚದ ಎರಡು ಬಗೆ

ಯಾವ ಯಂತ್ರದ ವೆಚ್ಚವನ್ನಾದರೂ ಎರಡು ಭಾಗಗಳಾಗಿ ವಿಂಗಡಿಸಬಹುದು. ಮೊದಲನೆಯದು ನಿಶ್ಚಿತ ವೆಚ್ಚ. ಪೆಟ್ರೋಲು, ಎಣ್ಣೆ, ಟಯರು, ಬ್ರೇಕಿನ ಪಟ್ಟಿ, ವಿಮೆ, ತೆರಿಗೆ ಮೊದಲಾದವು ಈ ಗುಂಪಿಗೆ ಸೇರುತ್ತವೆ. ಕಾರು ಓಡಿದಷ್ಟೂ ಇವು ತಪ್ಪವು. ಎಷ್ಟೆಂಬುದನ್ನು ಮೊದಲೇ ಅಂದಾಜು ಮಾಡಬಹುದು. ಎರಡನೆಯದು ಸಂಭವನೀಯ ವೆಚ್ಚ. ಎಂಜಿನು ಒಡೆಯಬಹುದು, ಒಡೆಯದೆಯೂ ಇರಬಹುದು. ಒಡೆದರೆ ಒಂದೇ ಸಲಕ್ಕೆ ದೊಡ್ಡ ಮೊತ್ತ, ಒಡೆಯದಿದ್ದರೆ ಸೊನ್ನೆ. ನಂಬಿಕೆಗೆ ಅರ್ಹವಾದ ಯಂತ್ರವೆಂದು ನಾವು ಹೇಳುವುದು ಈ ಎರಡನೆಯ ಬಗೆಯ ವೆಚ್ಚಕ್ಕೆ ಅವಕಾಶ ಕಡಮೆಯಾಗಿರುವ ಯಂತ್ರವನ್ನು. ಎರಡು ಭಾಗಗಳನ್ನೂ ಒಂದೊಂದಾಗಿ ಪರೀಕ್ಷಿಸಬೇಕು.

ತೂಕವೇ ಮೊದಲ ತೆರಿಗೆ

ಓಡುವ ವಸ್ತುವಿನ ಚಲನಶಕ್ತಿಯು ಅದರ ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಬಂದುದರ ಅರ್ಧದಷ್ಟೆಂದು ವಿದ್ಯಾರ್ಥಿಗಳು ಬಲ್ಲರು. ಗಂಟೆಗೆ ೧೦೦ ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು ೨೭.೮ ಮೀಟರ್. ಈ ವೇಗದಲ್ಲಿ ೯೫೦ ಕಿಲೋಗ್ರಾಂ ತೂಗುವ ಎಂಎಕ್ಸ್-೫ರ ಚಲನಶಕ್ತಿ ಸುಮಾರು ೩,೬೭,೦೦೦ ಜೂಲ್; ೧೩೫೦ ಕಿಲೋಗ್ರಾಂ ತೂಗುವ ಆರ್‌ಎಕ್ಸ್-೮ರದು ಸುಮಾರು ೫,೨೨,೦೦೦ ಜೂಲ್. ಕಾರನ್ನು ನಿಲ್ಲಿಸುವಾಗ ಈ ಶಕ್ತಿಯ ಬಹುಪಾಲು ಬ್ರೇಕುಗಳಲ್ಲಿ ಉಷ್ಣವಾಗಿ ಮಾರ್ಪಡುತ್ತದೆ. ಪ್ರತಿ ನಿಲುಗಡೆಗೂ ಭಾರವಾದ ಕಾರಿನ ಬ್ರೇಕುಗಳು ನೂರಕ್ಕೆ ನಲವತ್ತರಷ್ಟು ಹೆಚ್ಚು ಉಷ್ಣವನ್ನು ತಡೆದುಕೊಳ್ಳಬೇಕು. ಆದ್ದರಿಂದ ಅವು ದೊಡ್ಡವಾಗಿರಬೇಕು. ದೊಡ್ಡವಾದುದರಿಂದ ಬೆಲೆಯೂ ಹೆಚ್ಚು.

ಟಯರಿನ ಕತೆಯೂ ಇದೇ. ತಿರುವಿನಲ್ಲಿ ಕಾರನ್ನು ರಸ್ತೆಗೆ ಹಿಡಿದಿಡುವುದು ಟಯರಿನ ರಬ್ಬರು. ಕಾರು ಭಾರವಾದಷ್ಟೂ ಅಷ್ಟೇ ತಿರುವಿಗೆ ಹೆಚ್ಚು ಪಕ್ಕಬಲ ಬೇಕು. ಹೆಚ್ಚು ಹಿಡಿತಕ್ಕಾಗಿ ಅಗಲವಾದ, ಮೆತ್ತನೆಯ ರಬ್ಬರಿನ ಟಯರುಗಳನ್ನು ತೊಡಿಸುತ್ತಾರೆ. ಮೆತ್ತನೆಯ ರಬ್ಬರು ಬೇಗ ಸವೆಯುತ್ತದೆ. ಮೊದಲ ಎಂಎಕ್ಸ್-೫ರ ಚಕ್ರದ ವ್ಯಾಸ ೧೪ ಅಂಗುಲ ಮಾತ್ರ. ಆ ಅಳತೆಯ ಟಯರು ಯಾವ ಸಂಸಾರಿ ಕಾರಿನದಕ್ಕಿಂತಲೂ ದುಬಾರಿಯಲ್ಲ. ಈ ತತ್ತ್ವವನ್ನು ಅರಿತೇ ೨೦೧೨ರಲ್ಲಿ ಟೊಯೊಟಾ ಮತ್ತು ಸುಬಾರು ಕಂಪನಿಗಳು ಕೂಡಿ ಹೊರತಂದ ೨೦೦ ಅಶ್ವಶಕ್ತಿಯ ಜಿಟಿ-೮೬ ಕಾರಿಗೆ, ಮಿತವ್ಯಯಕ್ಕೆ ಹೆಸರಾದ ಪ್ರಿಯಸ್ ಕಾರಿಗೆ ಒದಗುವ ಬಗೆಯ ಕಿರಿದಾದ ಟಯರುಗಳನ್ನೇ ತೊಡಿಸಿದರು. ಹಿಡಿತ ಕೊಂಚ ಕಡಮೆಯಾಯಿತು. ಓಡಿಸುವವನ ಸಂತೋಷವೇನೂ ಕಡಮೆಯಾಗಲಿಲ್ಲ.

ಹೀಗೆ ತೂಕವೆಂಬುದು ಪೆಟ್ರೋಲು, ಬ್ರೇಕು, ಟಯರು, ಬುಗ್ಗೆ ಎಲ್ಲದರ ಮೇಲೆಯೂ ಬೀಳುವ ತೆರಿಗೆ. ಕಾರನ್ನು ಹಗುರಗೊಳಿಸಿದವನು ಈ ತೆರಿಗೆಯನ್ನು ಒಮ್ಮೆಲೇ ಎಲ್ಲ ಕಡೆಯೂ ತಗ್ಗಿಸಿದಂತಾಯಿತು.

ಸುತ್ತುಗಳ ವರ್ಗ

ತೂಕವನ್ನು ಕಡಮೆ ಮಾಡದೆ ಬಲವನ್ನು ಹೆಚ್ಚಿಸುವ ಮಾರ್ಗವೂ ಉಂಟು. ಅದೇ ಗಾತ್ರದ ಎಂಜಿನನ್ನು ಹೆಚ್ಚು ವೇಗವಾಗಿ ತಿರುಗಿಸಿದರೆ ಅದು ನಿಮಿಷಕ್ಕೆ ಹೆಚ್ಚು ಗಾಳಿಯನ್ನೂ ಪೆಟ್ರೋಲನ್ನೂ ಉಸಿರಾಡಿ ಹೆಚ್ಚು ಕೆಲಸ ಮಾಡುತ್ತದೆ. ಹೋಂಡಾ ಹಿಡಿದ ದಾರಿ ಇದು. ಎಸ್-೨೦೦೦ದ ಮೊದಲ ಮಾದರಿಯ ಎಂಜಿನು ನಿಮಿಷಕ್ಕೆ ೯೦೦೦ ಸುತ್ತುಗಳವರೆಗೆ ತಿರುಗಬಲ್ಲುದು. ಲೀಟರಿಗೆ ೧೨೦ ಅಶ್ವಶಕ್ತಿ ಅದಕ್ಕೆ ದೊರೆತುದು ಹೀಗೆ. ಎಂಎಕ್ಸ್-೫ರ ಎಂಜಿನಿಗೆ ಲೀಟರಿಗೆ ೭೩ರಷ್ಟು ಮಾತ್ರ.

ಇದಕ್ಕೆ ತೆರಬೇಕಾದ ಬೆಲೆಯನ್ನು ಲೆಕ್ಕ ಹಾಕೋಣ. ಎರಡು ಎಂಜಿನುಗಳಲ್ಲಿಯೂ ಪಿಸ್ಟನ್ ಒಮ್ಮೆ ಚಲಿಸುವ ದೂರ ಬಹುಮಟ್ಟಿಗೆ ಸಮ: ಒಂದರಲ್ಲಿ ೮೪ ಮಿಲಿಮೀಟರ್, ಇನ್ನೊಂದರಲ್ಲಿ ೮೩.೬. ೯೦೦೦ ಸುತ್ತಿನಲ್ಲಿ ಹೋಂಡಾದ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ ೨೫ ಮೀಟರ್. ೭೦೦೦ ಸುತ್ತಿನಲ್ಲಿ ಮಜ್ದಾದ್ದು ೧೯.೫ ಮೀಟರ್. ಆದರೆ ಲೋಹವನ್ನು ದಣಿಸುವುದು ವೇಗವಲ್ಲ, ವೇಗೋತ್ಕರ್ಷ. ಪಿಸ್ಟನ್ ಪ್ರತಿ ಸುತ್ತಿನಲ್ಲಿಯೂ ಎರಡು ಸಲ ಪೂರ್ತಿ ನಿಂತು ಹಿಂದಿರುಗಬೇಕು. ಆಗ ಅದನ್ನು ಹಿಡಿದೆಳೆಯಬೇಕಾದ ಬಲವು ಸುತ್ತುಗಳ ವರ್ಗದ ಪ್ರಮಾಣದಲ್ಲಿ ಏರುತ್ತದೆ. ೯೦೦೦ವನ್ನು ೭೦೦೦ದಿಂದ ಭಾಗಿಸಿ ವರ್ಗ ಮಾಡಿದರೆ ೧.೬೫ ಬರುತ್ತದೆ. ಸಮತೂಕದ ಪಿಸ್ಟನ್ನಿಗೆ ಹೋಂಡಾ ಎಂಜಿನಿನಲ್ಲಿ ನೂರಕ್ಕೆ ಅರವತ್ತೈದರಷ್ಟು ಹೆಚ್ಚಿನ ಜಗ್ಗಾಟವೆಂದಾಯಿತು.

ಹಾಗಾದರೆ ಹೋಂಡಾ ಎಂಜಿನು ಬೇಗ ಕೆಡುತ್ತದೆಯೆ? ಇಲ್ಲ. ಸರಿಯಾಗಿ ನೋಡಿಕೊಂಡ ಎಸ್-೨೦೦೦ ದೀರ್ಘಾಯುವೆಂದು ಹೆಸರಾಗಿದೆ. ಏಕೆಂದರೆ ಅದರ ಶಿಲ್ಪಿಗಳು ಈ ಜಗ್ಗಾಟವನ್ನು ಮೊದಲೇ ಎಣಿಸಿ, ಬಡಿದು ರೂಪಿಸಿದ ಪಿಸ್ಟನ್ನು, ನಾರಿನಿಂದ ಬಲಪಡಿಸಿದ ಸಿಲಿಂಡರ್ ಗೋಡೆ, ರಬ್ಬರು ಪಟ್ಟಿಗೆ ಬದಲಾಗಿ ಉಕ್ಕಿನ ಸರಪಣಿ ಮೊದಲಾದವುಗಳನ್ನು ಬಳಸಿದರು. ಇದರಿಂದ ನಮಗೊಂದು ಮುಖ್ಯವಾದ ಪಾಠ ದೊರೆಯುತ್ತದೆ: ಯಂತ್ರವನ್ನು ಮುರಿಯುವುದು ಭಾರವಲ್ಲ, ಭಾರಕ್ಕೂ ತಾಳಿಕೆಗೂ ನಡುವಣ ಅಂತರದ ಕೊರತೆ. ಆದರೆ ಆ ಅಂತರವನ್ನು ದುಬಾರಿ ಲೋಹದಿಂದ ಕೊಂಡದ್ದಾದುದರಿಂದ ದುರಸ್ತಿಯೂ ದುಬಾರಿ. ಅಲ್ಲದೆ ವೇಗದಲ್ಲಿ ಹೋಗುವಾಗ ಚಾಲಕನು ತಪ್ಪಿ ಕೆಳಗಿನ ಗೇರಿಗೆ ಹಾಕಿದನೆನ್ನಿ. ಆಗ ಚಕ್ರಗಳೇ ಎಂಜಿನನ್ನು ಮಿತಿ ಮೀರಿ ತಿರುಗಿಸುತ್ತವೆ. ಪೆಟ್ರೋಲನ್ನು ತಡೆದು ಸುತ್ತುಗಳನ್ನು ಮಿತಿಯಲ್ಲಿಡುವ ವಿದ್ಯುತ್ ಕಾವಲುಗಾರನು ಆ ಕ್ಷಣದಲ್ಲಿ ಏನನ್ನೂ ಮಾಡಲಾರ.

ತ್ರಿಕೋನದ ಮೂರು ತುದಿಗಳು

ಪಿಸ್ಟನ್ನಿನ ಈ ಹಿಂದು ಮುಂದಿನ ಓಡಾಟವನ್ನೇ ಇಲ್ಲವಾಗಿಸಿದರೆ ಹೇಗೆ? ಜರ್ಮನಿಯ ಫೆಲಿಕ್ಸ್ ವಾಂಕೆಲ್ ಈ ಪ್ರಶ್ನೆಗೆ ಉತ್ತರ ಹುಡುಕಿದನು. ಎನ್‌ಎಸ್‌ಯು ಕಂಪನಿಯಲ್ಲಿ ೧೯೫೭ರಲ್ಲಿ ಅವನ ಎಂಜಿನು ಮೊದಲು ಓಡಿತು. ನಡು ಸೊಂಟ ಕೊಂಚ ಒಳಸೇರಿದ ಮೊಟ್ಟೆಯಾಕಾರದ ಕೋಶದೊಳಗೆ, ಉಬ್ಬಿದ ಬದಿಗಳ ತ್ರಿಕೋನವೊಂದು ಸುತ್ತುತ್ತದೆ. ತ್ರಿಕೋನಕ್ಕೂ ಗೋಡೆಗೂ ನಡುವೆ ಉಳಿಯುವ ಮೂರು ಕೋಣೆಗಳಲ್ಲಿ ಹೀರುವಿಕೆ, ಒತ್ತುವಿಕೆ, ದಹನ, ಹೊರದೂಡುವಿಕೆಗಳು ಸರದಿಯಂತೆ ನಡೆಯುತ್ತವೆ. ಬಿಡಿಭಾಗಗಳು ಕಡಮೆ, ಓಟ ನುಣುಪು, ಗಾತ್ರ ಚಿಕ್ಕದು. ಆದರೆ ತ್ರಿಕೋನದ ಮೂರು ತುದಿಗಳಲ್ಲಿಯೂ ಒಂದೊಂದು ತೆಳುವಾದ ಲೋಹಪಟ್ಟಿಯು ಗೋಡೆಯನ್ನು ಸದಾ ಉಜ್ಜುತ್ತ, ಕೋಣೆಯಿಂದ ಕೋಣೆಗೆ ಅನಿಲವು ಸೋರದಂತೆ ತಡೆಯಬೇಕು. ಇಡೀ ಎಂಜಿನಿನ ಯೋಗಕ್ಷೇಮವು ಈ ಪಟ್ಟಿಗಳ ಮೇಲೆ ನಿಂತಿದೆ. ಎನ್‌ಎಸ್‌ಯು ೧೯೬೭ರಲ್ಲಿ ಹೊರತಂದ ಆರ್‌ಓ-೮೦ ಕಾರಿನಲ್ಲಿ ಈ ಪಟ್ಟಿಗಳು ಬೇಗ ಸವೆದು ಕಂಪನಿಯ ಕೀರ್ತಿಗೆ ದೊಡ್ಡ ಪೆಟ್ಟು ಬಿತ್ತು.

ಜಪಾನಿನಲ್ಲಿ ಕೆನಿಚಿ ಯಮಮೊಟೊ ಎಂಬ ಎಂಜಿನಿಯರನ ನೇತೃತ್ವದಲ್ಲಿ ಮಜ್ದಾ ಈ ಕೆಲಸವನ್ನು ಮುಂದುವರಿಸಿ, ೧೯೬೭ರಲ್ಲಿಯೇ ಎರಡು ರೋಟರುಗಳ ಕಾಸ್ಮೋ ಕಾರನ್ನು ಮಾರಾಟಕ್ಕೆ ತಂದಿತು. ಆರ್‌ಎಕ್ಸ್-೮ ಆ ಪರಂಪರೆಯದು. ಅದರ ತುದಿಪಟ್ಟಿಗಳಿಗೆ ಎಣ್ಣೆ ಉಣಿಸಲು ಒಂದು ಸಣ್ಣ ಪಂಪು ಎಂಜಿನಿನ ಎಣ್ಣೆಯನ್ನು ಸ್ವಲ್ಪ ಸ್ವಲ್ಪವಾಗಿ ಕೋಣೆಯೊಳಕ್ಕೆ ಚಿಮುಕಿಸುತ್ತದೆ; ಅದು ಅಲ್ಲಿಯೇ ಉರಿದುಹೋಗುತ್ತದೆ. ಮಿಕ್ಕ ಕಾರುಗಳಲ್ಲಿ ಎಣ್ಣೆ ಉರಿದರೆ ರೋಗದ ಚಿಹ್ನೆ. ಇದರಲ್ಲಿ ಅದೇ ಆರೋಗ್ಯದ ನಿಯಮ! ಎಣ್ಣೆಯ ಮಟ್ಟವನ್ನು ಆಗಾಗ ನೋಡದ ಯಜಮಾನನು ತನ್ನ ಎಂಜಿನನ್ನು ತಾನೇ ಕೊಂದಂತೆ. ಇನ್ನು ದಹನದ ಕೋಣೆಯು ಉದ್ದವಾಗಿ ಚಪ್ಪಟೆಯಾಗಿರುವುದರಿಂದ ಅದರ ಗಾತ್ರಕ್ಕೆ ಗೋಡೆಯ ವಿಸ್ತೀರ್ಣ ಹೆಚ್ಚು. ಉಷ್ಣವು ಗೋಡೆಯ ಮೂಲಕ ವ್ಯರ್ಥವಾಗಿ ಹೊರಬೀಳುತ್ತದೆ. ಅಮೆರಿಕ ಸರಕಾರದ ಅಳತೆಯಂತೆ ಆರ್‌ಎಕ್ಸ್-೮ ಒಂದು ಲೀಟರಿಗೆ ಸುಮಾರು ಏಳೂವರೆ ಕಿಲೋಮೀಟರ್ ಓಡುತ್ತದೆ. ಎಂಎಕ್ಸ್-೫ ಸುಮಾರು ಹತ್ತು. ವರ್ಷಕ್ಕೆ ಹದಿನೈದು ಸಾವಿರ ಕಿಲೋಮೀಟರ್ ಓಡಿದರೆ ಒಂದಕ್ಕೆ ೨೦೦೦ ಲೀಟರು, ಇನ್ನೊಂದಕ್ಕೆ ೧೫೦೦ ಲೀಟರು ಬೇಕು. ಎಂಜಿನು ಕೆಡುವ ದೂರುಗಳು ಹೆಚ್ಚಲಾಗಿ, ೨೦೦೮ರಲ್ಲಿ ಮಜ್ದಾ ಅಮೆರಿಕದಲ್ಲಿ ಈ ಎಂಜಿನಿನ ಮುಖ್ಯಭಾಗಗಳ ಭರವಸೆಯ ಅವಧಿಯನ್ನು ಎಂಟು ವರ್ಷ ಅಥವಾ ಒಂದು ಲಕ್ಷ ಮೈಲಿಗಳಿಗೆ ವಿಸ್ತರಿಸಿತು. ಆ ಅವಧಿ ಮುಗಿದ ಕಾರು ಸಂತೆಯಲ್ಲಿ ಅಗ್ಗವಾಗಿ ಸಿಕ್ಕುವುದರಲ್ಲಿ ಆಶ್ಚರ್ಯವಿಲ್ಲ.

ಅಂಗೈಯಲ್ಲಿ ಹಿಡಿಯುವ ಒಂದು ಬೇರಿಂಗು

ಬಾಕ್ಸ್‌ಸ್ಟರಿನ ವಿಚಾರವು ಇನ್ನೂ ಬೋಧಪ್ರದವಾದುದು. ಅದರ ಎಂಜಿನಿನಲ್ಲಿ ಕವಾಟಗಳನ್ನು ತೆರೆದು ಮುಚ್ಚುವ ಕ್ಯಾಮ್ ದಂಡಗಳಿಗೆ ಚಲನೆಯು ನಡುವಿನ ಒಂದು ದಂಡದ ಮೂಲಕ ಬರುತ್ತದೆ. ಆ ದಂಡದ ಒಂದು ತುದಿಯನ್ನು ಹೊತ್ತಿರುವುದು ಅಂಗೈಯಲ್ಲಿ ಹಿಡಿಯಬಹುದಾದಷ್ಟು ಸಣ್ಣ ಗುಂಡಿನ ಬೇರಿಂಗು. ಮೊದಮೊದಲ ಎಂಜಿನುಗಳಲ್ಲಿ ಗುಂಡುಗಳು ಎರಡು ಸಾಲಾಗಿದ್ದವು. ೨೦೦೦ದ ಸುಮಾರಿಗೆ ಒಂದೇ ಸಾಲಾಯಿತು. ಬೇರಿಂಗಿನೊಳಗಿನ ಗ್ರೀಸು ಕಾಲಕ್ರಮದಲ್ಲಿ ತೊಳೆದುಹೋಗಿ ಗುಂಡುಗಳು ಸವೆದರೆ ದಂಡವು ಸ್ಥಾನ ಬಿಟ್ಟು ಅಲುಗುತ್ತದೆ. ಕವಾಟಗಳ ತಾಳ ತಪ್ಪುತ್ತದೆ. ತೆರೆದ ಕವಾಟಕ್ಕೆ ಪಿಸ್ಟನ್ ಬಡಿಯುತ್ತದೆ. ಕ್ಷಣಾರ್ಧದಲ್ಲಿ ಎಂಜಿನು ಮುರುಕು ಲೋಹವಾಗುತ್ತದೆ. ೨೦೦೧ರಿಂದ ೨೦೦೫ರವರೆಗಿನ ಮಾದರಿಗಳ ಬಗ್ಗೆ ಅಮೆರಿಕದಲ್ಲಿ ಮೊಕದ್ದಮೆ ನಡೆದು ೨೦೧೩ರಲ್ಲಿ ರಾಜಿಯಾಯಿತು. ೨೦೦೯ರ ಮಾದರಿಯ ಹೊಸ ಎಂಜಿನಿನಲ್ಲಿ ಆ ನಡುದಂಡವನ್ನೇ ಕೈಬಿಟ್ಟರು.

ಬಹುಪಾಲು ಬಾಕ್ಸ್‌ಸ್ಟರುಗಳಿಗೆ ಈ ಗತಿ ಬರಲಿಲ್ಲವೆಂಬುದನ್ನು ನ್ಯಾಯವಾಗಿ ಹೇಳಲೇಬೇಕು. ಹಾಗಿದ್ದರೂ ಇದು ಇಷ್ಟೊಂದು ಭಯ ಹುಟ್ಟಿಸಿದುದೇಕೆ? ಸಂಭಾವ್ಯತೆಯ ಗಣಿತವು ಇದಕ್ಕೆ ಉತ್ತರ ಕೊಡುತ್ತದೆ.

ಸರಪಣಿಯ ಗಣಿತ

ಒಂದು ಭಾಗ ಕೆಟ್ಟರೂ ಯಂತ್ರ ನಿಲ್ಲುವುದಾದರೆ ಆ ಭಾಗಗಳೆಲ್ಲ ಸರಪಣಿಯ ಕೊಂಡಿಗಳಂತೆ. ವರ್ಷವಿಡೀ ಕೆಡದೆ ಉಳಿಯುವ ಸಂಭಾವ್ಯತೆ ಒಂದೊಂದು ಕೊಂಡಿಗೂ ಸಾವಿರಕ್ಕೆ ೯೯೯ ಎಂದಿರಲಿ. ಕೇಳಲು ಇದು ಬಹಳ ಚೆನ್ನಾಗಿದೆ. ಆದರೆ ಇಂಥ ೧೦೦ ಕೊಂಡಿಗಳಿದ್ದರೆ ಇಡೀ ಸರಪಣಿ ಉಳಿಯುವ ಸಂಭಾವ್ಯತೆ ೦.೯೯೯ನ್ನು ನೂರು ಸಲ ಗುಣಿಸಿದಷ್ಟು, ಎಂದರೆ ೦.೯೦; ೩೦೦ ಕೊಂಡಿಗಳಿದ್ದರೆ ೦.೭೪. ಹತ್ತರಲ್ಲಿ ಒಂದು ಕೆಡುತ್ತಿದ್ದುದು ನಾಲ್ಕರಲ್ಲಿ ಒಂದು ಕೆಡುವಂತಾಯಿತು. ಸರಳವಾದ ಯಂತ್ರವು ನೆಚ್ಚಿಗೆಯದೆಂಬ ಲೋಕದ ಅನುಭವಕ್ಕೆ ಇದೇ ಗಣಿತದ ಆಧಾರ.

ಇನ್ನು ಹಣದ ಲೆಕ್ಕ. ಕಾರಿನ ಬೆಲೆಯನ್ನು ೧೦೦ ಎಂದಿಟ್ಟುಕೊಳ್ಳೋಣ. ಎಂಜಿನು ಹಾಳಾದರೆ ತಗಲುವ ವೆಚ್ಚ ೧೨೦. ಹಾಳಾಗುವ ಸಂಭಾವ್ಯತೆ ನೂರಕ್ಕೆ ೫ ಎಂದು ಉದಾಹರಣೆಗಾಗಿ ಹಿಡಿಯೋಣ. ಎರಡನ್ನೂ ಗುಣಿಸಿದರೆ ನಿರೀಕ್ಷಿತ ವೆಚ್ಚ ೬ ಎಂದಾಗುತ್ತದೆ. ಆರು ದೊಡ್ಡದಲ್ಲ. ಸಾವಿರ ಕಾರುಗಳ ಒಡೆಯನಿಗೆ ಕಾರೊಂದಕ್ಕೆ ನಿಜವಾಗಿಯೂ ಆರೇ ಬೀಳುತ್ತದೆ. ಆದರೆ ಒಂದೇ ಕಾರಿನ ಒಡೆಯನು ಎಂದೂ ಆರನ್ನು ತೆರುವುದಿಲ್ಲ! ಅವನು ತೆರುವುದು ಸೊನ್ನೆ, ಇಲ್ಲವೆ ೧೨೦. ಉಳಿತಾಯವನ್ನೆಲ್ಲ ಕಾರಿಗೇ ಸುರಿದ ನಮ್ಮ ತರುಣನಿಗೆ ೧೨೦ ಎಂಬುದು ವೆಚ್ಚವಲ್ಲ, ದಿವಾಳಿ. ಸರಾಸರಿಯ ಲೆಕ್ಕವು ಇಲ್ಲಿ ಅವನನ್ನು ಮೋಸಗೊಳಿಸುತ್ತದೆ.

ಈಗ ಇನ್ನೊಂದು ದಾರಿಯನ್ನು ನೋಡೋಣ. ಕ್ಲಚ್ಚನ್ನು ಬದಲಾಯಿಸುವಾಗ ಗೇರುಪೆಟ್ಟಿಗೆಯನ್ನು ಬಿಚ್ಚಲೇಬೇಕು. ಆಗ ಆ ಬೇರಿಂಗು ಕೈಗೆ ಎಟಕುತ್ತದೆ. ಅದನ್ನೂ ಅದೇ ಸಲ ಬದಲಾಯಿಸಲು ೮ ತಗಲುತ್ತದೆನ್ನಿ. ನಿರೀಕ್ಷಿತ ವೆಚ್ಚವಾದ ಆರಕ್ಕಿಂತ ಎಂಟು ಹೆಚ್ಚು. ಆದರೂ ಒಂದೇ ಕಾರುಳ್ಳವನು ಎಂಟನ್ನು ತೆರುವುದೇ ವಿವೇಕ. ಎರಡನ್ನು ಹೆಚ್ಚಾಗಿ ತೆತ್ತು ಅವನು ದಿವಾಳಿಯ ಭಯವನ್ನು ಕಳೆದುಕೊಂಡನು. ಪ್ರಪಂಚದ ವಿಮಾ ವ್ಯವಹಾರವೆಲ್ಲವೂ ಈ ತತ್ತ್ವದ ಮೇಲೆಯೇ ನಿಂತಿದೆ.

ಚಿಕ್ಕ ಕಾರಿನ ಗುಟ್ಟು

ಇಷ್ಟನ್ನು ಅರಿತ ಮೇಲೆ ಮೊದಲ ಕಾರಿಗೆ ಮರಳೋಣ. ಎಂಎಕ್ಸ್-೫ರ ಎಂಜಿನನ್ನು ಅದಕ್ಕಾಗಿಯೇ ಸೃಷ್ಟಿಸಲಿಲ್ಲ. ಮಜ್ದಾದ ಸಂಸಾರಿ ಕಾರಿನ ಎಂಜಿನನ್ನೇ ತಿದ್ದಿ ಅಳವಡಿಸಿದರು. ಬಿಡಿಭಾಗಗಳು ಹೇರಳವಾಗಿ, ಅಗ್ಗವಾಗಿ ದೊರೆತುದು ಅದರಿಂದಲೇ. ಅದರ ಕ್ಯಾಮ್ ದಂಡಗಳನ್ನು ತಿರುಗಿಸುವುದು ರಬ್ಬರಿನ ಪಟ್ಟಿ; ಸುಮಾರು ಒಂದು ಲಕ್ಷ ಕಿಲೋಮೀಟರಿಗೊಮ್ಮೆ ಅದನ್ನು ಬದಲಾಯಿಸಬೇಕು. ಪಟ್ಟಿ ನಡುದಾರಿಯಲ್ಲಿ ತುಂಡಾಯಿತೆನ್ನಿ. ಈ ೧೬೦೦ರ ಎಂಜಿನಿನಲ್ಲಿ ಕವಾಟಕ್ಕೂ ಪಿಸ್ಟನ್ನಿಗೂ ಸಾಕಷ್ಟು ಎಡೆಯಿರುವುದರಿಂದ ಅವು ಬಡಿದುಕೊಳ್ಳುವುದಿಲ್ಲ. ಕಾರು ನಿಲ್ಲುತ್ತದೆ, ಅಷ್ಟೆ. ಹೊಸ ಪಟ್ಟಿ ಹಾಕಿದರೆ ಮತ್ತೆ ಓಡುತ್ತದೆ. ಬಾಕ್ಸ್‌ಸ್ಟರಿನಲ್ಲಿಯೂ ಇಲ್ಲಿಯೂ ಕೆಟ್ಟದ್ದು ಕವಾಟಗಳ ತಾಳವೇ. ಆದರೆ ಅಲ್ಲಿ ಎಂಜಿನು ಹೋಯಿತು, ಇಲ್ಲಿ ಒಂದು ದಿನ ಹೋಯಿತು. ಕೆಡದಂತೆ ಮಾಡುವುದು ಒಂದು ಜಾಣ್ಮೆ; ಕೆಟ್ಟರೂ ಹಾನಿ ಚಿಕ್ಕದಾಗಿರುವಂತೆ ಮಾಡುವುದು ಅದಕ್ಕಿಂತ ಹಿರಿಯ ಜಾಣ್ಮೆ.

ಹಾಗೆಂದು ಇದು ದೋಷವಿಲ್ಲದ ಕಾರೆಂದು ತಿಳಿಯಬಾರದು. ೧೯೯೦ರ ಮತ್ತು ೧೯೯೧ರ ಆರಂಭದ ಕೆಲವು ಎಂಜಿನುಗಳಲ್ಲಿ ಕ್ರ್ಯಾಂಕ್ ದಂಡದ ಮುಂತುದಿ ಗಿಡ್ಡವಾಗಿದ್ದು, ಅಲ್ಲಿ ಕೂರಿಸಿದ ಹಲ್ಲುಚಕ್ರವು ಸಡಿಲವಾಗುತ್ತಿತ್ತು. ಆಮೇಲೆ ಅದನ್ನು ಉದ್ದ ಮಾಡಿ ತಿದ್ದಿದರು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ದೇಶಗಳಲ್ಲಿ ಬಾಗಿಲ ಕೆಳಗಿನ ತಗಡು ತುಕ್ಕು ಹಿಡಿಯುವುದು ಇದರ ಇನ್ನೊಂದು ವ್ಯಾಧಿ. ಹಳೆಯ ಎಂಎಕ್ಸ್-೫ನ್ನು ಕೊಳ್ಳುವವನು ಎಂಜಿನಿಗಿಂತ ಮೊದಲು ತಗಡನ್ನೇ ನೋಡಬೇಕು. ಇನ್ನು ವೇಗದಲ್ಲಿ ಅದು ಮಿಕ್ಕ ಮೂರಕ್ಕೂ ಹಿಂದೆಯೇ ಸರಿ.

ಒಂದು ಸ್ವಾರಸ್ಯವನ್ನು ಇಲ್ಲಿ ಹೇಳಬಹುದು. ೧೯೭೯ರಲ್ಲಿ ಬಾಬ್ ಹಾಲ್ ಎಂಬ ಅಮೆರಿಕದ ಪತ್ರಕರ್ತನು, ಹಳೆಯ ಬ್ರಿಟಿಷ್ ಕಾರುಗಳಂಥ ಹಗುರವಾದ, ಅಗ್ಗವಾದ ಸ್ಪೋರ್ಟ್ಸ್ ಕಾರನ್ನು ಮಾಡಬಾರದೇಕೆಂದು ಮಜ್ದಾದ ಹಿರಿಯನೊಬ್ಬನನ್ನು ಕೇಳಿದನು. ಆ ಹಿರಿಯನೇ ಕೆನಿಚಿ ಯಮಮೊಟೊ. ರೋಟರಿ ಎಂಜಿನಿನ ತುದಿಪಟ್ಟಿಗಳೊಡನೆ ವರ್ಷಗಟ್ಟಲೆ ಹೋರಾಡಿದ ಆತನೇ ಮುಂದೆ ಕಂಪನಿಯ ಅಧ್ಯಕ್ಷನಾದನು. ಸಾಮಾನ್ಯ ಎಂಜಿನಿನ ಈ ಸರಳ ಕಾರೂ ಆತನ ಕಾಲದಲ್ಲಿಯೇ ರೂಪುಗೊಂಡಿತು.

ನಮ್ಮ ತರುಣನಿಗೆ ನಾವು ಹೇಳಬೇಕಾದದ್ದು ಇಷ್ಟು. ಕೊಂಡ ಬೆಲೆಗೆ ನಿಶ್ಚಿತ ವೆಚ್ಚವನ್ನು ಕೂಡಿಸು. ಮರಳಿ ಮಾರಿದಾಗ ಬರುವುದನ್ನು ಕಳೆ. ಒಂದೊಂದು ದೊಡ್ಡ ಕೇಡಿಗೂ ಅದರ ವೆಚ್ಚವನ್ನು ಸಂಭಾವ್ಯತೆಯಿಂದ ಗುಣಿಸಿ ಸೇರಿಸು. ಕೊನೆಗೆ ನಿನ್ನನ್ನೇ ಕೇಳಿಕೋ: ಈ ಕೇಡುಗಳಲ್ಲಿ ಅತಿ ದೊಡ್ಡದು ನಾಳೆಯೇ ಬಂದರೆ ನಾನು ತಾಳಬಲ್ಲೆನೆ? ತಾಳಬಲ್ಲವನು ಯಾವ ಕಾರನ್ನಾದರೂ ಕೊಂಡು ಸುಖಿಸಲಿ. ತಾಳಲಾರದವನಿಗೆ ಹಗುರವಾದ, ಸರಳವಾದ, ಕೆಟ್ಟರೂ ಕ್ಷಮಿಸುವ ಯಂತ್ರವೇ ಲೇಸು.

ವಾಚಕರಲ್ಲಿ ಬಹುಮಂದಿಗೆ ಸ್ಪೋರ್ಟ್ಸ್ ಕಾರಿನ ಪ್ರಸಂಗವೇ ಬಾರದಿರಬಹುದು. ಆದರೆ ಹಳೆಯ ಮೋಟಾರು ಸೈಕಲ್ಲನ್ನೋ ನೀರೆತ್ತುವ ಪಂಪನ್ನೋ ಕೊಳ್ಳುವ ದಿನ ಬಂದೇ ಬರುತ್ತದೆ. ಆ ದಿನ ಒಂದು ಕಾಗದವನ್ನೂ ಸೀಸದ ಕಡ್ಡಿಯನ್ನೂ ತೆಗೆದುಕೊಂಡು ಈ ಲೆಕ್ಕವನ್ನು ಮಾಡಿನೋಡಲಿ.